ಅಂತೆಕಂತೆಯ ಕೋಟೆಯನ್ನು ನೋಡುವ ಬಗೆ

ಫ್ಲಾರಿಡಾದಲ್ಲಿರುವ ಡಿಸ್ನಿಯ ಥೀಮ್ ಪಾರ್ಕು ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋದವರಲ್ಲಿ ಹೆಚ್ಚಿನವರು ಅಲ್ಲಿನ ಸಿಂಡ್ರೆಲಾ ಕೋಟೆಯನ್ನು ನೋಡುವುದೇ ಇಲ್ಲ. ಹಗಲಲ್ಲಿ ಅದಕ್ಕೆ ಬೆನ್ನು ಕೊಟ್ಟು ಸೆಲ್ಫಿ ತೆಗೆದುಕೊಳ್ಳುತ್ತಾರೆ, ರಾತ್ರಿ ಅದರ ನೆತ್ತಿಯ ಮೇಲೆ ಸಿಡಿಯುವ ಬಾಣಬಿರುಸಿಗೆ ಬಾಯಿ ತೆರೆದು ನಿಲ್ಲುತ್ತಾರೆ. ಇದು ಗರ್ಭಗುಡಿಗೆ ಬೆನ್ನು ಹಾಕಿ ಜಾತ್ರೆಯ ಮಿಠಾಯಿ ಅಂಗಡಿಯನ್ನಷ್ಟೇ ಕಂಡು ಬಂದಂತೆ. ಆದರೂ ಈ ಜನ ಊರಿಗೆ ಮರಳುವಾಗ ಒಂದು ಬೆಲೆಬಾಳುವ ವಸ್ತುವನ್ನು ತಮಗೆ ಗೊತ್ತಿಲ್ಲದೆಯೇ ಹೊತ್ತು ತರುತ್ತಾರೆ: ಚಂಡಮಾರುತ ಬಂದರೆ ಕೋಟೆಯನ್ನು ಬಿಚ್ಚಿ ಒಳಗಿಡುತ್ತಾರಂತೆ, ಒಳಗೆ ವಾಲ್ಟ್ ಡಿಸ್ನಿಯ ಗುಟ್ಟಿನ ಮನೆ ಇದೆಯಂತೆ. ಹೊಸ ರಸಿಕರು ಈ ಅಂತೆಕಂತೆಗಳಿಂದಲೇ ಶುರುಮಾಡಬೇಕು ಎಂಬುದು ನನ್ನ ವಾದ. ಸಂಗೀತಕ್ಕೆ, ನಾಟಕಕ್ಕೆ ಇರುವಂಥ ವಿಮರ್ಶೆಯ ಪರಂಪರೆ ಥೀಮ್ ಪಾರ್ಕಿನ ಕಟ್ಟಡಕ್ಕೆ ಬೆಳೆದಿಲ್ಲ. ಸಾಮಾನ್ಯ ಪ್ರೇಕ್ಷಕ ಅದರ ಬಗ್ಗೆ ಯೋಚಿಸಿದ್ದಕ್ಕೆ ಉಳಿದಿರುವ ದಾಖಲೆ ಈ ಗಾಳಿಮಾತೊಂದೇ. ದಶಕಗಟ್ಟಲೆ ಬಾಳಿದ ಒಂದು ಸುದ್ದಿ ಸುಳ್ಳೇ ಇರಬಹುದು, ಆದರೆ ಕಟ್ಟಡ ಕಣ್ಣನ್ನು ಎಲ್ಲಿ ಗೆದ್ದಿತು ಎಂಬ ಜಾಗವನ್ನು ಅದು ಸರಿಯಾಗಿಯೇ ಬೆರಳಿಟ್ಟು ತೋರಿಸುತ್ತದೆ.

ಬಿಚ್ಚಿಡುವ ಸುದ್ದಿಯನ್ನೇ ತೆಗೆದುಕೊಳ್ಳಿ. ಅದು ಶುದ್ಧ ಸುಳ್ಳು. 1971ರಲ್ಲಿ ಮುಗಿದ ಈ ಕಟ್ಟಡದ ಒಳಗೆ ಸುಮಾರು 600 ಟನ್ ಉಕ್ಕಿನ ಹಂದರವಿದೆ, ಸುತ್ತ ಕಾಂಕ್ರೀಟ್ ಗೋಡೆಯಿದೆ. 1999ರ ಫ್ಲಾಯ್ಡ್, 2004ರ ಚಾರ್ಲಿ ಚಂಡಮಾರುತಗಳಲ್ಲಿ ಪಾರ್ಕು ಬಾಗಿಲು ಹಾಕಿತು, ಕೋಟೆ ನಿಂತಲ್ಲೇ ನಿಂತಿತ್ತು. ನಿಜಸುಳ್ಳು ತೂಗುವವರು ಇಷ್ಟು ಹೇಳಿ ಕೈತೊಳೆದುಕೊಳ್ಳುತ್ತಾರೆ. ಅವರು ನಿಲ್ಲಿಸಿದಲ್ಲಿಂದ ರಸಿಕನ ಕೆಲಸ ಆರಂಭ. ಪಕ್ಕದಲ್ಲೇ ಇರುವ ಎಷ್ಟೋ ಹೋಟೆಲು ಕಟ್ಟಡಗಳ ಬಗ್ಗೆ ಹುಟ್ಟದ ಇಂಥ ಮಾತು ಈ ಕೋಟೆಯ ಬಗ್ಗೆಯೇ ಏಕೆ ಹುಟ್ಟಿತು? ನನಗೆ ತೋರುವ ಉತ್ತರ ಇದು: ನೋಡುವವನ ಕಣ್ಣು ಕೆಳಗಿನ ಗೋಡೆಯನ್ನು ಕಲ್ಲಿನದೆಂದು ಒಪ್ಪಿಕೊಳ್ಳುತ್ತದೆ, ಆದರೆ ತುದಿಯ ನೀಲಿ ಗೋಪುರಗಳು ಇಷ್ಟು ಸಪೂರವಾಗಿ, ಇಷ್ಟು ಎತ್ತರದಲ್ಲಿ ಭಾರ ಹೊತ್ತು ನಿಂತಿವೆ ಎಂಬುದನ್ನು ಒಪ್ಪುವುದಿಲ್ಲ. ಆ ಅನುಮಾನಕ್ಕೆ ಆಧಾರವೂ ಇದೆ. ಮೇಲಿನ ಗೋಪುರಗಳು ಫೈಬರ್‌ಗ್ಲಾಸಿನವು, ಕ್ರೇನಿನಿಂದ ಎತ್ತಿ ಹಂದರಕ್ಕೆ ಬೋಲ್ಟು ಹಾಕಿ ಕೂರಿಸಿದವು. ಇಡೀ ಕೋಟೆಯಲ್ಲಿ ಕಲ್ಲು, ಇಟ್ಟಿಗೆ ಇಲ್ಲ. ‘ಬಿಚ್ಚುತ್ತಾರೆ’ ಎಂದವನು ತೀರ್ಮಾನದಲ್ಲಿ ತಪ್ಪಿದ, ನೋಟದಲ್ಲಿ ತಪ್ಪಲಿಲ್ಲ.

ಗೋಪುರಗಳು ಅಷ್ಟು ಸಪೂರ, ಅಷ್ಟು ದೂರ ಕಾಣುವುದೇ ಈ ಕಲೆಯ ಜೀವ. ಇದೊಂದನ್ನು ಹಿಡಿದವನಿಗೆ ಉಳಿದುದೆಲ್ಲ ತಾನಾಗಿ ಒಲಿಯುತ್ತದೆ. ಇಂಗ್ಲಿಷಿನಲ್ಲಿ ‘ಫೋರ್ಸ್ಡ್ ಪರ್ಸ್ಪೆಕ್ಟಿವ್’ ಎನ್ನುವ ಈ ತಂತ್ರ ನಾಟಕದ ರಂಗದಿಂದ, ಸಿನಿಮಾ ಸೆಟ್ಟಿನಿಂದ ಬಂದದ್ದು. ನಮ್ಮ ಕಂಪನಿ ನಾಟಕಗಳ ಪರದೆಯಲ್ಲಿ ಅರಮನೆಯ ಕಂಬಸಾಲು ಹಿಂದೆ ಹಿಂದೆ ಸರಿದಂತೆ ಗಿಡ್ಡವಾಗುತ್ತಿತ್ತಲ್ಲ, ಅದನ್ನೇ ಇಲ್ಲಿ ಬಟ್ಟೆಯಿಂದ ಬಿಡಿಸಿ ನೆಟ್ಟಗೆ ಆಕಾಶಕ್ಕೆ ನಿಲ್ಲಿಸಿದ್ದಾರೆ. ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡಿನ ಸ್ಲೀಪಿಂಗ್ ಬ್ಯೂಟಿ ಕೋಟೆಯ ಎತ್ತರ ಕೇವಲ 77 ಅಡಿ. ಅದರ ಬುಡದಲ್ಲಿ ಕಲ್ಲಿನ ಅಚ್ಚುಗಳು ದೊಡ್ಡವು, ಮೇಲೇರಿದಂತೆ ಕಿರಿದಾಗುತ್ತವೆ. ಕಿಟಕಿಗಳೂ ಹಾಗೆಯೇ ಕುಗ್ಗುತ್ತವೆ. ಕಲ್ಲುಗಳೆಲ್ಲ ಒಂದೇ ಅಳತೆಯವು ಎಂದು ಕಣ್ಣು ಮೊದಲೇ ನಂಬಿಬಿಟ್ಟಿರುವುದರಿಂದ, ಚಿಕ್ಕದು ಕಂಡಾಗ ‘ದೂರದಲ್ಲಿದೆ’ ಎಂದು ಲೆಕ್ಕ ಹಾಕುತ್ತದೆ, ಗೋಡೆ ಬೆಳೆಯುತ್ತದೆ. ಇದಕ್ಕೆ ಎರಡು ಷರತ್ತುಗಳಿವೆ. ನೋಡುವವನು ನೆಲದ ಮೇಲೆ, ಎದುರಿನ ಬೀದಿಯ ದೂರದಲ್ಲಿ ಇರಬೇಕು. ಮೇಲಿನ ಕಿಟಕಿಯಲ್ಲಿ ಮನುಷ್ಯನ ಮುಖ ಕಾಣಬಾರದು, ಕಂಡ ಕ್ಷಣ ಅಳತೆ ಹೊರಬೀಳುತ್ತದೆ. ಕೋಟೆಯ ಬುಡಕ್ಕೇ ಓಡಿಹೋಗಿ ತಲೆಯೆತ್ತಿ, ‘ಇಷ್ಟೇ ಏನು, ಚಿಕ್ಕದು’ ಎನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ತೈಲವರ್ಣದ ಚಿತ್ರಕ್ಕೆ ಮೂಗು ತಾಗಿಸಿ ಬರಿ ಬಣ್ಣದ ಗಂಟು ಎಂದಂತಾಯಿತು. ಬೀದಿಯ ಕೊನೆಯಲ್ಲಿ ನಿಂತು ಜನರನ್ನು ತನ್ನತ್ತ ಎಳೆಯುವ ಇಂಥ ಕಟ್ಟಡವನ್ನು ಡಿಸ್ನಿ ‘ವೀನಿ’ ಎಂದು ಕರೆಯುತ್ತಿದ್ದ. ನಾಯಿಗೆ ತೋರಿಸಿ ಮುಂದೆ ಮುಂದೆ ಕರೆದೊಯ್ಯುವ ಸಾಸೇಜು ಎಂದರ್ಥ. ದೂರದಿಂದ ನೋಡಲೆಂದೇ ಹುಟ್ಟಿದ ವಸ್ತುವನ್ನು ದೂರದಿಂದಲೇ ನೋಡಬೇಕು.

ಡಿಸ್ನಿಲ್ಯಾಂಡಿನಲ್ಲೇ ಇರುವ ಕೃತಕ ಮ್ಯಾಟರ್‌ಹಾರ್ನ್ ಬೆಟ್ಟದ ಬಗ್ಗೆ ಇನ್ನೂ ಸೊಗಸಾದ ಸುದ್ದಿಯಿದೆ. ಆಟದ ಅಂಗಣಗಳಿಗೆ ಮಾತ್ರ ಅಷ್ಟು ಎತ್ತರದ ಪರವಾನಗಿ ಸಿಗುತ್ತಿತ್ತಂತೆ, ಹಾಗಾಗಿ ಬೆಟ್ಟದೊಳಗೆ ಬಾಸ್ಕೆಟ್‌ಬಾಲ್ ಅಂಕಣ ಕಟ್ಟಿದರಂತೆ. ಪರವಾನಗಿಯ ಕಥೆ ಕಟ್ಟುಕಥೆ. ಆದರೆ ಬೆಟ್ಟದ ಮೇಲ್ಭಾಗದೊಳಗೆ ನೌಕರರ ಬಿಡುವಿನ ಆಟಕ್ಕೆ ಬಾಸ್ಕೆಟ್‌ಬಾಲ್ ಬಳೆ ಇದ್ದದ್ದು ದಿಟ. ಈ ಸುದ್ದಿ ಕಲಿಸುವ ಪಾಠ ಬೆಟ್ಟದ ಪೊಳ್ಳುತನ. 1959ರಲ್ಲಿ ಮುಗಿದ ಇದರ ಎತ್ತರ 147 ಅಡಿ, ಆಲ್ಪ್ಸ್‌ನ ನಿಜವಾದ ಶಿಖರದ ನೂರರಲ್ಲೊಂದು ಪಾಲು. ಹೊರಮೈಯಲ್ಲಿ ನೆಟ್ಟ ಮರಗಳು ಮೇಲೆ ಹೋದಂತೆ ಕುಳ್ಳಾಗುತ್ತವೆ, ಒಳಗೆ ಉಕ್ಕಿನ ಕೊಳವೆಯ ಹಳಿಯ ಮೇಲೆ ಬಂಡಿ ಓಡುತ್ತದೆ. ಆ ಬಗೆಯ ಹಳಿ ಬಳಸಿದ ಮೊದಲ ರೋಲರ್ ಕೋಸ್ಟರ್ ಇದೇ. ಮೇಲ್ಭಾಗದಲ್ಲಿ ಉಳಿದದ್ದು ಖಾಲಿ ಜಾಗ. ಇದಕ್ಕಿಂತ ವಿಚಿತ್ರವೆಂದರೆ, ಹೊರಗೆ ಹಗ್ಗ ಹಿಡಿದು ಆ ಬೆಟ್ಟ ಹತ್ತುವವರನ್ನು ಪಾರ್ಕಿನವರೇ ನೇಮಿಸಿದ್ದರು. ಮನುಷ್ಯದೇಹ ಕಾಣಬಾರದೆಂಬ ಷರತ್ತನ್ನು ಅವರೇ ಮುರಿದರು. ಹತ್ತುವವರು ಶಿಖರ ತಲುಪಿದಾಗ ದೈತ್ಯರಂತೆ ಕಾಣದೆ ವಿಧಿಯಿಲ್ಲ. ನನ್ನ ಮಟ್ಟಿಗೆ ಅದು ತಪ್ಪು ನಿರ್ಧಾರ.

ಉಳಿದ ಸುದ್ದಿಗಳನ್ನು ಬೇಗ ಮುಗಿಸಬಹುದು. ಸಿಂಡ್ರೆಲಾ ಕೋಟೆ 189 ಅಡಿಗೇ ನಿಂತದ್ದು ಕೆಂಪು ದೀಪದ ಭಯಕ್ಕೆ ಎನ್ನುತ್ತಾರೆ. ಅಮೆರಿಕದಲ್ಲಿ 200 ಅಡಿ ದಾಟಿದ ಕಟ್ಟಡಕ್ಕೆ ಸಾಮಾನ್ಯವಾಗಿ ವಿಮಾನಗಳಿಗಾಗಿ ಎಚ್ಚರಿಕೆ ದೀಪ ಬೇಕು. ಡಿಸ್ನಿ ಕಂಪನಿಯದೇ ಟವರ್ ಆಫ್ ಟೆರರ್ ಕಟ್ಟಡ 199 ಅಡಿಗೆ, ಕೃತಕ ಎವರೆಸ್ಟ್ ಬೆಟ್ಟ 199ರ ಮೇಲೆ ಅರ್ಧ ಅಡಿಗೆ ನಿಂತಿರುವಾಗ ಈ ಮಾತನ್ನು ತಳ್ಳಿಹಾಕುವುದು ಕಷ್ಟ. ಗುಟ್ಟಿನ ಮನೆಯ ಸುದ್ದಿ ಅರ್ಧ ನಿಜ: ಡಿಸ್ನಿ ಕುಟುಂಬಕ್ಕೆಂದು ಕೋಟೆಯಲ್ಲಿ ಜಾಗ ಯೋಚಿಸಿದ್ದರು, ವಾಲ್ಟ್ 1966ರಲ್ಲೇ ತೀರಿಕೊಂಡ, 2006ರಲ್ಲಿ ಅದು ಅತಿಥಿಗಳ ಕೋಣೆಯಾಯಿತು. ಡಿಸ್ನಿಯ ಎಪ್ಕಾಟ್ ಪಾರ್ಕಿನ ಸ್ಪೇಸ್‌ಶಿಪ್ ಅರ್ಥ್ ಗೋಳದಿಂದ ಕೆಳಗಿನವರ ಮೇಲೆ ಮಳೆನೀರು ಸುರಿಯುವುದಿಲ್ಲ ಎಂಬುದು ನಂಬಲಾಗದಂತಿದ್ದರೂ ಪೂರ್ತಿ ನಿಜ. 11,324 ತ್ರಿಕೋನಗಳ ಸಂದಿಯಲ್ಲಿ ಇಳಿದ ನೀರು ಒಳಗಿನ ಕಾಲುವೆ ಹಿಡಿದು ಕೊಳಕ್ಕೆ ಹೋಗುತ್ತದೆ.

ಗಂಭೀರ ಓದುಗರ ಆಕ್ಷೇಪ ಬೇರೆಯದು. ಪ್ಲಾಸ್ಟರಿನ ಕೋಟೆಗೆ ಇಷ್ಟು ಮಾತೇಕೆ, ನಿಜವಾದ ಕೋಟೆಗಳಿಲ್ಲವೇ ಎನ್ನುತ್ತಾರೆ. ಈ ಕೋಟೆಗಳಿಗೆ ಸ್ಫೂರ್ತಿಯಾದ ಬವೇರಿಯಾದ ನ್ವಾಯ್‌ಶ್ವಾನ್‌ಸ್ಟೈನನ್ನು ಅವರು ನೋಡಬೇಕು. ಎರಡನೆಯ ಲುಡ್ವಿಗ್ ದೊರೆ 1869ರಲ್ಲಿ ಅದನ್ನು ಕಟ್ಟಿಸತೊಡಗಿದಾಗ ಯುರೋಪಿನಲ್ಲಿ ಕೋಟೆ ಬೇಕಾಗುವ ಯುದ್ಧಗಳ ಕಾಲ ಮುಗಿದಿತ್ತು. ಅದರ ಕಲ್ಪನೆಯನ್ನು ಬಿಡಿಸಿಕೊಟ್ಟವನು ರಂಗಸಜ್ಜಿಕೆಯ ಚಿತ್ರಕಾರ ಕ್ರಿಶ್ಚಿಯನ್ ಯಾಂಕ್. 1886ರಲ್ಲಿ ದೊರೆ ಸತ್ತ ಕೆಲವೇ ವಾರಗಳಲ್ಲಿ ಟಿಕೆಟ್ಟು ಕೊಟ್ಟು ಜನರನ್ನು ಒಳಬಿಟ್ಟರು. ‘ನಿಜವಾದ’ ಕೋಟೆಯೇ ಪರದೆಯಿಂದ ಇಳಿದದ್ದು. 1992ರಲ್ಲಿ ಪ್ಯಾರಿಸ್ ಬಳಿ ಡಿಸ್ನಿ ಕೋಟೆ ಕಟ್ಟಿದವರಿಗೆ ಇದು ಗೊತ್ತಿತ್ತು. ಅಸಲಿ ಕೋಟೆಗಳ ನಾಡಿನಲ್ಲಿ ಅಸಲಿಯಂತೆ ನಟಿಸುವುದನ್ನು ಬಿಟ್ಟು, ಗುಲಾಬಿ ಗೋಡೆ ಎಬ್ಬಿಸಿ, ನೆಲಮಾಳಿಗೆಯಲ್ಲಿ ಡ್ರ್ಯಾಗನ್ ಮಲಗಿಸಿದರು. ಇಂಥ ಸುದ್ದಿಗಳನ್ನು ಕಂಪನಿಯೇ ಪ್ರಚಾರಕ್ಕೆ ಬಿತ್ತುತ್ತದೆ ಎಂಬ ಇನ್ನೊಂದು ಆಕ್ಷೇಪವೂ ಇದೆ. ಬಿತ್ತಿರಬಹುದು. ಆದರೆ ಚಂಡಮಾರುತಕ್ಕೆ ಬಿಚ್ಚಬೇಕಾದ ಕೋಟೆ ಎಂಬ ಮಾತು ಯಾವ ಪ್ರಚಾರಕನಿಗೂ ಬೇಕಾದದ್ದಲ್ಲ. ಅದು ನೋಡುಗರ ಬೆಳೆ.

ಹೊಸಬರು ಪರೀಕ್ಷಿಸಲು ಒಂದು ಮಾತನ್ನು ಬಿಡಿಸದೆ ಇಡುತ್ತೇನೆ. ಕೋಟೆಯೆದುರಿನ ಮೇನ್ ಸ್ಟ್ರೀಟ್ ಬೀದಿ ಕೋಟೆಯತ್ತ ಬರುವಾಗ ಉದ್ದವಾಗಿ, ಸಂಜೆ ದಣಿದು ಮರಳುವಾಗ ಗಿಡ್ಡವಾಗಿ ಕಾಣುವಂತೆ ಕಟ್ಟಿದ್ದಾರಂತೆ. ಬೆಳಿಗ್ಗೆ ರೈಲು ನಿಲ್ದಾಣದ ಕಮಾನಿನಡಿ ನಿಂತು ಕೋಟೆಯನ್ನು ನೋಡಿ, ಆಮೇಲೆ ಎರಡೂ ಬದಿಯ ಅಂಗಡಿಗಳ ಮೇಲಂತಸ್ತಿನ ಕಿಟಕಿಗಳನ್ನು ಕೆಳಗಿನವಕ್ಕೆ ಹೋಲಿಸಿ ಅಳೆಯುತ್ತ ನಿಧಾನವಾಗಿ ನಡೆಯಿರಿ. ಸಂಜೆ ಬಾಣಬಿರುಸು ಶುರುವಾಗುವ ಮೊದಲೇ ಕೋಟೆಯ ಬಾಗಿಲಿನಿಂದ ಅದೇ ಬೀದಿಯನ್ನು ಇನ್ನೊಮ್ಮೆ ನೋಡಿ.