ಕ್ಯಾಂಟೀನ್ ತಟ್ಟೆಯ ಮುದ್ದೆ-ಬಸ್ಸಾರು

ಬೆಂಗಳೂರಿನ ಆಫೀಸ್ ಕ್ಯಾಂಟೀನುಗಳಲ್ಲಿ ‘ಸೂಪರ್‌ಫುಡ್’ ಎಂಬ ಬಿರುದು ಹೆಚ್ಚಾಗಿ ಚಿಯಾ, ಕೀನ್ವಾಗಳಿಗೆ ಸಲ್ಲುತ್ತದೆ. ಅದಕ್ಕೆ ಮೊದಲ ಹಕ್ಕುದಾರ ಮುದ್ದೆ-ಬಸ್ಸಾರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಾಲಿನಲ್ಲಿರುವುದು 120ರ ಆಸುಪಾಸು. ಪಾಲಿಶ್ ಅಕ್ಕಿ ತೌಡು ಕಳೆದುಕೊಂಡರೆ, ಸಣ್ಣ ಕಾಳಿನ ರಾಗಿ ಸಿಪ್ಪೆಸಮೇತ ಹಿಟ್ಟಾಗುವುದರಿಂದ ನಾರು ತಟ್ಟೆಯವರೆಗೂ ಬರುತ್ತದೆ. ಬಸ್ಸಾರಿನ ಜಾಣತನವೂ ಕಡಿಮೆಯದಲ್ಲ. ಬೇಳೆ, ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕಾಯಿತುರಿ ರುಬ್ಬಿ ಹಾಕಿ ಕುದಿಸುತ್ತಾರೆ. ನೀರಿಗಿಳಿದ ಸತ್ವ ಸಾರಿನಲ್ಲೇ ಉಳಿಯುತ್ತದೆ. ಬಸಿದುಳಿದದ್ದು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ.

ಆಕ್ಷೇಪಗಳೂ ಇವೆ. ರಾಗಿಯ ಫೈಟೇಟ್, ಟ್ಯಾನಿನ್‌ಗಳು ಕಬ್ಬಿಣಾಂಶ ದೇಹಕ್ಕೆ ಹತ್ತುವುದನ್ನು ತಗ್ಗಿಸುತ್ತವೆ ಎಂಬುದು ನಿಜ. ಆದರೆ ಮೊಳಕೆ ಕಟ್ಟಿ ಬೀಸಿದರೆ ಫೈಟೇಟ್ ಇಳಿಯುತ್ತದೆ. ಜೊತೆಗಿರುವ ನಿಂಬೆಹೋಳಿನ ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ. ಹೊಲ ಉಳುವವರ ಊಟ ಕುರ್ಚಿಯ ಕೆಲಸದವರಿಗೇಕೆ ಎಂಬ ಪ್ರಶ್ನೆಗೆ ಉತ್ತರ ಗಾತ್ರದಲ್ಲಿದೆ. ಮುದ್ದೆಯೂ ಪಿಷ್ಟವೇ, ಸಕ್ಕರೆ ಕಾಯಿಲೆಯವರು ಮನಸೋ ಇಚ್ಛೆ ಉಣ್ಣುವಂತಿಲ್ಲ. ಹಾಗಾಗಿ ಮುದ್ದೆ ಚಿಕ್ಕದಿರಲಿ, ಪಲ್ಯ ಎರಡು ಸೌಟು ಬೀಳಲಿ. ಯಾವ ಕಾಳೂ ಒಂಟಿಯಾಗಿ ಆರೋಗ್ಯ ಕೊಡದು; ಕಾಳು, ಬೇಳೆ, ಸೊಪ್ಪು ಒಟ್ಟಿಗೆ ಬಡಿಸುವ ಈ ಊಟದ ಹೆಚ್ಚುಗಾರಿಕೆ ಇರುವುದೇ ಅಲ್ಲಿ.