ಕಂಡ ಹುಲಿ, ಹೇಳಿದ ಹುಲಿ

ಹೋದ ತಿಂಗಳು ಮಿತ್ರರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಊಟ ಮುಗಿದು ಎಲೆಯಡಿಕೆಯ ತಟ್ಟೆ ಸುತ್ತುತ್ತಿದ್ದ ಹೊತ್ತಿನಲ್ಲಿ ಅವರ ಅಳಿಯ, ತಾನು ಊಟಿಯಿಂದ ಮರಳುವಾಗ ಬಂಡೀಪುರದ ರಸ್ತೆಯಲ್ಲಿ ಆನೆಯನ್ನು ಕಂಡ ಕತೆ ತೆಗೆದ. ಆ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ತಡೆಯುಂಟಷ್ಟೆ. ಗೇಟು ಹಾಕುವುದರೊಳಗೆ ದಾಟಬೇಕೆಂಬ ಅವಸರ, ಮುಸ್ಸಂಜೆ, ಕಾರಿನಲ್ಲಿ ಮಕ್ಕಳು. ಅದುವರೆಗೆ ಸೈಟಿನ ಬೆಲೆ, ಮೊಮ್ಮಕ್ಕಳ ಶಾಲೆ, ಮಂಡಿನೋವು ಎಂದು ಮೂರು ಗುಂಪಾಗಿದ್ದ ನಾವೆಲ್ಲ ಒಂದೇ ಗುಂಪಾದೆವು. ಕತೆಯ ಮೊದಲಲ್ಲಿ ಆನೆ ರಸ್ತೆಯ ಬದಿಯಲ್ಲಿ ನಿಂತಿತ್ತು. ಕೊನೆಯಾಗುವಷ್ಟರಲ್ಲಿ ಅದರ ಸೊಂಡಿಲು ಕಾರಿನ ಬಾನೆಟ್ಟಿನ ಮೇಲಿತ್ತು. "ಸೊಂಡಿಲು ಎಲ್ಲಿಟ್ಟಿತ್ತು? ಅದರ ಪಾಡಿಗೆ ಅದು ಹುಲ್ಲು ತಿನ್ತಾ ಇತ್ತಲ್ಲ" ಎಂದಳು ಅವನ ಹೆಂಡತಿ, ಒಳಗಿನಿಂದ ನೀರಿನ ಚೊಂಬು ತರುತ್ತಾ. ಯಾರೂ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹಾಕಿಕೊಂಡೆ. ಇಂಥದೇ ಒಂದು ಸೊಂಡಿಲಿನ ಪಾಪ ನನ್ನ ತಲೆಯ ಮೇಲೂ ಇದೆ. ಅದನ್ನು ಸಮಯ ಬಂದಾಗ ಹೇಳುತ್ತೇನೆ.

ಕಾಡುಪ್ರಾಣಿಯನ್ನು ಕಂಡ ಕತೆಯೆಂಬುದು ನಮ್ಮಲ್ಲಿ ಪ್ರತಿ ಮನೆಯಲ್ಲಿಯೂ ರಚನೆಯಾಗುತ್ತಿರುವ ಸಾಹಿತ್ಯ. ಸಣ್ಣ ಕತೆ, ಪ್ರಬಂಧ, ಪ್ರವಾಸಕಥನಗಳನ್ನು ಕುರಿತು ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ಈ ಪ್ರಕಾರವನ್ನು ಯಾರೂ ತೂಗಿ ನೋಡಿದಂತಿಲ್ಲ. ತೂಗುವುದಾದರೆ ನನ್ನ ತಕ್ಕಡಿ ಬಹಳ ಸರಳವಾದದ್ದು. ಕತೆ ಮುಗಿದ ಮೇಲೆ ಕೇಳಿದವನ ಮನಸ್ಸಿನಲ್ಲಿ ಉಳಿದವರು ಯಾರು? ಪ್ರಾಣಿಯೋ, ಹೇಳಿದವನೋ?

ಹಳೆಯ ಸಾಹಿತ್ಯಕ್ಕೆ ಈ ಪ್ರಶ್ನೆ ಹಾಕುವುದು ಅನ್ಯಾಯವಾದೀತು. ವಡ್ಡಾರಾಧನೆಯ ಸುಕುಮಾರಸ್ವಾಮಿಯ ದೇಹವನ್ನು ಮರಿಗಳೊಡನೆ ಬಂದು ತಿನ್ನುವ ನರಿ ಹಿಂದಿನ ಜನ್ಮದ ಹಗೆಯನ್ನು ತೀರಿಸಿಕೊಳ್ಳಲು ಬಂದದ್ದು. ಗೋವಿನ ಹಾಡಿನ ಅರ್ಭುತನೂ ಅಷ್ಟೆ, ಪುಣ್ಯಕೋಟಿಯ ಸತ್ಯಕ್ಕೆ ಸಾಕ್ಷಿಯಾಗಲೆಂದು ಹುಟ್ಟಿದ ಹುಲಿ. ಆ ಹಾಡನ್ನು ನಾನು ಇಂದಿಗೂ ಒಣಗಣ್ಣಿನಿಂದ ಕೇಳಲಾರೆ. ಆದರೂ ಒಂದು ಸಂದೇಹ ನನ್ನನ್ನು ಬಿಡದು. ಹಸಿದ ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಟ್ಟಿತೆಂದು ಎಳವೆಯಲ್ಲಿಯೇ ಅತ್ತು ಕಲಿತ ನಮಗೆ, ಹಸಿದ ಹುಲಿ ಕರುವನ್ನು ಹಿಡಿದರೆ ಅದು ದ್ರೋಹವೆಂದು ತೋರುತ್ತದೆಯೇ? ಹಾಡಿನ ತಪ್ಪಲ್ಲ ಇದು. ಹಾಡಿನಿಂದಾಚೆಗೆ ಹುಲಿಯನ್ನು ನೋಡದ ನಮ್ಮದು.

ಹೊಸಗನ್ನಡದಲ್ಲಿ ಕಾಡು ನಿಜವಾದ ಕಾಡಾಗಿ ಬಂದದ್ದು ಕುವೆಂಪು ಅವರಿಂದ ಎಂಬುದರಲ್ಲಿ ಎರಡು ಮಾತಿಲ್ಲ. ‘ಮಲೆನಾಡಿನ ಚಿತ್ರಗಳು’ (1933) ಓದಿದವರಿಗೆ ಅಲ್ಲಿಯ ಬೇಟೆಯ ಸಂಭ್ರಮವನ್ನು ನೆನಪಿಸಬೇಕಾಗಿಲ್ಲ. ಕತ್ತಲು, ಗೆಳೆಯರು, ನಾಯಿಗಳು, ಕೋವಿ, ನಗೆಚಾಟಿಕೆ. ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಆದರೆ ಪುಸ್ತಕ ಮುಚ್ಚಿ ನೆನೆದುಕೊಂಡರೆ ನನಗೆ ನೆನಪಾಗುವವರು ಬೇಟೆಗಾರರು, ಬೇಟೆಯಲ್ಲ. ನಾಯಿಗಳಿಗೆ ಅವರಲ್ಲಿ ಹೆಸರುಂಟು, ಗುಣಾವಗುಣವುಂಟು. ಕನ್ನಡ ಕಾದಂಬರಿಗಳಲ್ಲಿ ನನಗೆ ಅತ್ಯಂತ ಪ್ರಿಯನಾದ ‘ಹುಲಿಯ’ ನಾಯಿಗುತ್ತಿಯ ನಾಯಿ. 1967ರ ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ ಅದು ತುಂಗೆಯ ಪಾಲಾದಾಗ ಮನೆಯವರೊಬ್ಬರು ಹೋದಂತಾಯಿತು. ಪಟ್ಟೆಯ ಹುಲಿಗೆ ಅಂಥ ಪಟ್ಟ ಸಿಕ್ಕಲಿಲ್ಲ.

ಕಾರಂತರ ‘ಬೆಟ್ಟದ ಜೀವ’ (1943) ಬೇರೆ ಜಾತಿಯದು. ದಾರಿ ತಪ್ಪಿದ ಪ್ರವಾಸಿ ಕತ್ತಲಲ್ಲಿ ಗೋಪಾಲಯ್ಯನವರ ಮನೆ ಸೇರುತ್ತಾನೆ. ಅಂಜಿಕೆಯೆಲ್ಲ ಪೇಟೆಯಿಂದ ಬಂದ ಅವನದು. ಗೋಪಾಲಯ್ಯನವರಿಗೆ ಕಾಡುಮೃಗಗಳ ಕಾಟ ತೋಟದ ಕೆಲಸದಲ್ಲಿ ಒಂದು ಬಾಬತ್ತು, ಮಳೆ ಹೆಚ್ಚಾದ ಹಾಗೆ, ಕೊಳೆರೋಗ ಬಂದ ಹಾಗೆ.

ಇಲ್ಲಿ ನನ್ನ ಅಜ್ಜಿಯ ಮಾತು ನೆನಪಾಗುತ್ತದೆ. ಸಾಗರದ ಕಡೆಯ ಒಂಟಿಮನೆ. ಬೆಳಗಿನ ಜಾವ ಲಾಟೀನು ಹಿಡಿದು ಕೊಟ್ಟಿಗೆಗೆ ಹೋದವಳಿಗೆ ಹುಲ್ಲುಗೊಣಬೆಯ ಪಕ್ಕದಲ್ಲಿ ಚಿರತೆ ಕಂಡಿತ್ತಂತೆ. ನಾವು ಮೊಮ್ಮಕ್ಕಳು ಎಷ್ಟು ಸಲ ಕೇಳಿದರೂ ಅವಳ ಕತೆ ಇಷ್ಟೆ: "ಅದು ಕೂತಿತ್ತು ಮಗಾ. ನಾನು ನಿಂತೆ. ಅದು ಎದ್ದು ಹೋತು. ಕರೆಯೋಕೆ ಕೂತೆ, ಗೌರಿ ಅವತ್ತು ಹಾಲಿಳಿಸಲಿಲ್ಲ." ಅವಳು ಅದರ ಹೆಸರು ಹೇಳುತ್ತಿರಲಿಲ್ಲ, ‘ಅದು’ ಎಂದರೆ ಅದೇ. ನಮಗೆ ಈ ಕತೆ ತೀರ ಸಪ್ಪೆಯೆನಿಸುತ್ತಿತ್ತು. "ನಿಂಗೆ ಹೆದರಿಕೆ ಆಗ್ಲಿಲ್ವಾ ಅಜ್ಜಿ?" ಎಂದು ಪೀಡಿಸಿದರೆ, "ಆಗದೆ ಏನು? ಗೌರಿ ಹಾಲಿಳಿಸಲಿಲ್ಲ ಅಂದ್ನಲ್ಲ" ಎನ್ನುತ್ತಿದ್ದಳು. ಆ ಉತ್ತರದ ಬೆಲೆ ತಿಳಿಯಲು ನನಗೆ ಐವತ್ತು ವರ್ಷ ಹಿಡಿಯಿತು. ತನ್ನ ಎದೆ ಡವಗುಟ್ಟಿದ್ದನ್ನು ಹೇಳದೆ ಹಸುವಿನ ಕೆಚ್ಚಲಿನಲ್ಲಿ ಭಯವನ್ನು ತೋರಿಸಿದ ಆ ನಾಲ್ಕು ವಾಕ್ಯಗಳಲ್ಲಿ ಚಿರತೆಯೂ ಇದೆ, ಅಜ್ಜಿಯೂ ಇದ್ದಾಳೆ, ಬೆಳಗಿನ ಕೆಲಸವೂ ಇದೆ.

ಇದಕ್ಕೆ ಎದುರಾಗಿ ನಿಂತಿರುವುದು ನರಭಕ್ಷಕನ ಕತೆ. ಜಿಮ್ ಕಾರ್ಬೆಟ್ಟನ ‘ಮ್ಯಾನ್ ಈಟರ್ಸ್ ಆಫ್ ಕುಮಾವೂನ್’ 1944ರಲ್ಲಿ ಬಂತು. ನಮ್ಮ ಬೆಂಗಳೂರಿನಲ್ಲಿಯೇ ಇದ್ದ ಕೆನೆತ್ ಆಂಡರ್ಸನ್ನನ ಮೊದಲ ಪುಸ್ತಕ 1954ರಲ್ಲಿ. ಪೂರ್ಣಚಂದ್ರ ತೇಜಸ್ವಿಯವರು ಇಬ್ಬರನ್ನೂ ಕನ್ನಡಕ್ಕೆ ತಂದರು, ಅದೂ ಎಂಥ ಕನ್ನಡ! ‘ಜಾಲಹಳ್ಳಿಯ ಕುರ್ಕ’ ಓದಿದವನಿಗೆ ಮೂಲ ಇಂಗ್ಲಿಷಿನದೆಂಬುದೇ ಮರೆತುಹೋಗುತ್ತದೆ. ಚಿರತೆಗೆ ಮಲೆನಾಡು ಇಟ್ಟ ‘ಕುರ್ಕ’ ಎಂಬ ಹೆಸರು ಆ ಒಂದು ಪುಸ್ತಕದಿಂದ ಪೇಟೆಯ ಹುಡುಗರ ಬಾಯಿಗೂ ಬಂತು. ಈಗ ಆ ಜಾಲಹಳ್ಳಿ ಬೆಂಗಳೂರಿನ ಒಳಗಿದೆ.

ಈ ಕತೆಗಳನ್ನು ನಾನು ರಾತ್ರಿಯಿಡೀ ಓದಿದವನೇ. ಈಗಲೂ ಸಿಕ್ಕರೆ ಬಿಡೆನು. ಆದರೆ ಇವುಗಳ ಹಂದರವನ್ನು ಬಿಚ್ಚಿ ನೋಡಿ. ಒಂದು ಕೊಲೆ, ಸುಳಿವು, ಬೆನ್ನಟ್ಟುವಿಕೆ, ಕೊನೆಗೆ ಶಿಕ್ಷೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೂ ಇದೇ ಹಂದರ. ಅಪರಾಧಿಯಿಲ್ಲದೆ ಪತ್ತೇದಾರಿ ನಡೆಯದು. ಹಾಗೆಯೇ ಪ್ರಾಣಿಯನ್ನು ಅಪರಾಧಿಯಾಗಿಸದೆ ಈ ಕತೆಯೂ ನಡೆಯದು. ಕಾರ್ಬೆಟ್ಟನ ಹಿರಿಮೆಯೆಂದರೆ ಶಿಕ್ಷೆಯಾದ ಮೇಲೆ ಆತ ಹೆಣದ ಬಳಿ ಕುಳಿತು ಕಾರಣ ಹುಡುಕುತ್ತಾನೆ. 436 ಜನರನ್ನು ಕೊಂದಿತೆಂದು ಲೆಕ್ಕವಿದ್ದ ಚಂಪಾವತದ ಹೆಣ್ಣುಹುಲಿಯನ್ನು 1907ರಲ್ಲಿ ಹೊಡೆದಾಗ ಅದರ ಬಲಗಡೆಯ ಕೋರೆಹಲ್ಲುಗಳು ಮೇಲೂ ಕೆಳಗೂ ಮುರಿದಿದ್ದುವು, ಹಿಂದೆಂದೋ ತಗುಲಿದ ಗುಂಡಿನಿಂದ. ಸಹಜ ಬೇಟೆ ಸಾಧ್ಯವಾಗದೆ ಅದು ಮನುಷ್ಯರ ಮೇಲೆ ಬಿತ್ತೆಂದು ಆತ ಬರೆದ. ಓದುವವರು ಈ ಪುಟವನ್ನು ಬೇಗ ದಾಟಿ ಮುಂದಿನ ನರಭಕ್ಷಕನ ಕತೆಗೆ ಹೋಗುತ್ತಾರೆ. ನಾನೂ ಹೋದವನೇ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಕೋವಿ ಕೆಳಗಿಳಿಯಿತು, ಹಂದರ ಮಾತ್ರ ಹಾಗೆಯೇ ಉಳಿಯಿತು. ಕೋವಿಯ ಜಾಗಕ್ಕೆ ಕ್ಯಾಮರಾ ಬಂತು, ಆಮೇಲೆ ಮೊಬೈಲು ಬಂತು. ಪತ್ರಿಕೆಗಳ ಕ್ರಿಯಾಪದಗಳನ್ನು ಗಮನಿಸಿ: ಚಿರತೆ ‘ನುಗ್ಗುತ್ತದೆ’, ‘ಹೊಂಚು ಹಾಕುತ್ತದೆ’, ‘ಅಟ್ಟಹಾಸ ಮೆರೆಯುತ್ತದೆ’. ‘ಬಂತು’, ‘ಹೋಯಿತು’ ಎಂಬ ಅಜ್ಜಿಯ ಕ್ರಿಯಾಪದಗಳಿಗೆ ಸುದ್ದಿಯಲ್ಲಿ ಜಾಗವಿಲ್ಲ. ನುಗ್ಗಿದ್ದೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ಬಂದು ಹಿಡಿಯಲು ಹೋದವರನ್ನು ಗಾಯಗೊಳಿಸಿದ್ದನ್ನು ಎಲ್ಲರೂ ಚಿತ್ರದಲ್ಲಿ ಕಂಡಿದ್ದಾರೆ. ದನ ಕಳೆದುಕೊಂಡ ರೈತನಿಗೆ, ಮಗುವನ್ನು ಕಳೆದುಕೊಂಡ ತಾಯಿಗೆ ನಾನು ಭಾಷಾಪಾಠ ಹೇಳಹೊರಟರೆ ಅದು ಅಹಂಕಾರವಾಗುತ್ತದೆ. ನನ್ನ ಜಗಳವಿರುವುದು ಏನನ್ನೂ ಕಳೆದುಕೊಳ್ಳದ ನಮ್ಮಂಥವರ ಕತೆಯೊಡನೆ.

ತೇಜಸ್ವಿಯವರ ಸ್ವಂತ ಕೃತಿಗಳ ಕಡೆಗೆ ಬಂದರೆ ಗಾಳಿಯೇ ಬೇರೆ. ನರಭಕ್ಷಕರನ್ನು ಅಷ್ಟು ರಸವತ್ತಾಗಿ ಅನುವಾದಿಸಿದ ಕೈಯೇ ‘ಕರ್ವಾಲೊ’ (1980) ಬರೆದದ್ದೆಂಬುದು ನನಗೆ ಇನ್ನೂ ಬೆರಗು. ಹುಡುಕಾಟ ಅಲ್ಲಿಯೂ ಇದೆ, ಪತ್ತೇದಾರಿಯ ಕುತೂಹಲವೂ ಇದೆ. ಹುಡುಕುವುದು ಮಾತ್ರ ಒಂದು ಹಾರುವ ಓತಿಯನ್ನು. ಅದನ್ನು ಕಂಡೆನೆಂದು ಹೇಳುವವನು ಮಂದಣ್ಣ. ಊರು ಅವನನ್ನು ಕೆಲಸಕ್ಕೆ ಬಾರದವನೆಂದು ಬಗೆದಿದೆ; ವಿಜ್ಞಾನಿ ಕರ್ವಾಲೊ ಅವನ ಮಾತನ್ನು ನಂಬುತ್ತಾರೆ. ಏಕೆ ನಂಬುತ್ತಾರೆ? ಮಂದಣ್ಣ ಕಂಡದ್ದಕ್ಕೆ ಏನನ್ನೂ ಸೇರಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಎಂದು ನಾನು ಓದಿಕೊಂಡಿದ್ದೇನೆ. ಕೊನೆಗೆ ಇಷ್ಟು ಪಾಡುಪಟ್ಟು ಹುಡುಕಿದ ಆ ಜೀವಿ ಎಲ್ಲರ ಕಣ್ಣೆದುರಿಗೇ ಕಣಿವೆಯ ಮೇಲೆ ತೇಲಿ ಮರೆಯಾಗುತ್ತದೆ. ಕೈಗೆ ಸಿಕ್ಕಿದ್ದೇನೂ ಇಲ್ಲ. ಆದರೂ ಓದಿದವರು ಯಾರೂ ಮೋಸಹೋದೆವೆಂದು ದೂರಿದ್ದನ್ನು ನಾನು ಕೇಳಿಲ್ಲ. ಪ್ರಾಣಿಯನ್ನು ಕಂಡ ಕತೆ ಪ್ರಾಣಿ ಹೊರಟುಹೋಗುವುದರಲ್ಲಿ ಮುಗಿಯಬಹುದೆಂದು, ಮುಗಿದರೆ ಎಷ್ಟು ಚೆನ್ನವೆಂದು ಕನ್ನಡಕ್ಕೆ ತೋರಿಸಿಕೊಟ್ಟ ಪುಸ್ತಕ ಅದು. 1991ರ ‘ಪರಿಸರದ ಕತೆ’ಯಲ್ಲಿ ಇದೇ ಗುಣ ಮನೆಯ ಅಂಗಳಕ್ಕೂ ತೋಟಕ್ಕೂ ಬಂದಿದೆ, ಅಲ್ಲಿ ನಗೆಗೆ ಗುರಿಯಾಗುವವನು ಹೆಚ್ಚಾಗಿ ಹೇಳುವವನೇ.

ಇನ್ನು ನನ್ನ ಪಾಪದ ಮಾತು. ಕೆಲವು ವರ್ಷಗಳ ಹಿಂದೆ, ಮೈಸೂರಿನಲ್ಲಿ ಚಾಮುಂಡಿಬೆಟ್ಟದ ತಪ್ಪಲಿನ ಬಡಾವಣೆಯೊಂದರಲ್ಲಿ ನಮ್ಮ ವಾಸ. ಒಂದು ಬೆಳಗಿನ ಜಾವ ಹಾಲಿನ ಪೊಟ್ಟಣ ತರಲೆಂದು ಬಾಗಿಲು ತೆರೆದರೆ ಎದುರಿನ ಖಾಲಿ ಸೈಟಿನ ಗೋಡೆಯ ಮೇಲೆ ಚಿರತೆ. ನಾಲ್ಕು ಎಣಿಸುವಷ್ಟು ಹೊತ್ತು ನನ್ನನ್ನು ನೋಡಿತು, ಆಚೆಗೆ ಹಾರಿ ಲಂಟಾನದ ಪೊದೆಯಲ್ಲಿ ಮರೆಯಾಯಿತು. ಮನೆಯಾಕೆಗೆ ಇದನ್ನು ಇದ್ದಂತೆಯೇ ಹೇಳಿದೆ. ಪಕ್ಕದ ಮನೆಯವರಿಗೆ ಹೇಳುವಾಗ ಅದು ಗುರುಗುಟ್ಟಿತು. ಸಂಜೆ ಪಾರ್ಕಿನ ಬೆಂಚಿನ ಮೇಲೆ ಅದು ನಮ್ಮ ಗೇಟಿನವರೆಗೂ ಬಂದು, ನಾನು ಕೋಲೆತ್ತಿದ ಮೇಲೆ ಹಿಂಜರಿಯಿತು. ಕೋಲು ಎಲ್ಲಿಂದ ಬಂತೋ ನನಗೇ ತಿಳಿಯದು. ಮೂರನೆಯ ದಿನ ಒಂದು ಸ್ಥಳೀಯ ಪತ್ರಿಕೆಯಲ್ಲಿ ‘ನಿವೃತ್ತ ಅಧ್ಯಾಪಕರ ಮೇಲೆ ಚಿರತೆ ದಾಳಿಗೆ ಯತ್ನ’ ಎಂದು ಬಂತು. ನಾನದನ್ನು ಕತ್ತರಿಸಿ ಇಟ್ಟುಕೊಂಡೆ. ಬಡಾವಣೆಯವರ ಮನವಿಪತ್ರಕ್ಕೆ ಮೊದಲ ರುಜು ನನ್ನದೇ, ‘ದಾಳಿಗೊಳಗಾದವರು’ ನಾನೇ ಅಲ್ಲವೇ?

ಬೋನು ಬಂತು. ಐದನೆಯ ರಾತ್ರಿ ಒಂದು ಹೆಣ್ಣುಚಿರತೆ ಅದರಲ್ಲಿ ಬಿತ್ತು. ಗೋಡೆಯ ಮೇಲಿನದು ಇದೇ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ, ನನ್ನನ್ನೂ ಸೇರಿಸಿ. ಬೆಳಗಾಗುವುದರೊಳಗೆ ಇನ್ನೂರು ಜನ ನೆರೆದಿದ್ದರು. ಅದು ಸರಳುಗಳನ್ನು ಕಚ್ಚಿ ಕಚ್ಚಿ ಬಾಯೆಲ್ಲ ರಕ್ತವಾಗಿತ್ತು. ಮೇಲಿನ ಒಂದು ಕೋರೆಹಲ್ಲು ಮುರಿದಿತ್ತು. ಜನ ನನ್ನನ್ನು ಮುಂದಕ್ಕೆ ತಳ್ಳಿ ಬೋನಿನ ಪಕ್ಕದಲ್ಲಿ ನಿಲ್ಲಿಸಿ ಚಿತ್ರ ತೆಗೆದರು. ಆ ಹಲ್ಲನ್ನು ನೋಡುತ್ತಾ ನಾನು ನಿಂತಿದ್ದೆ. ಬಳಿಕ ಲಾರಿಗೆ ಟಾರ್ಪಾಲು ಹೊದಿಸಿ ಕೊಂಡೊಯ್ದರು. ಯಾವ ಕಾಡಿಗೆ ಎಂದರೆ, ‘ದೂರದ ಕಾಡಿಗೆ’ ಎಂದರು.

ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ 2001ರಿಂದ ಹೀಗೆ ಚಿರತೆಗಳನ್ನು ಹಿಡಿಹಿಡಿದು ಬೇರೆ ಕಾಡುಗಳಲ್ಲಿ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಿದುವೆಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಓದಿದ್ದು ಆಮೇಲೆ. ಹಲ್ಲು ಮುರಿದ ಆ ಹೆಣ್ಣುಚಿರತೆಯನ್ನು ಬಿಟ್ಟ ಕಾಡಿನಂಚಿನಲ್ಲಿಯೂ ಹಳ್ಳಿಗಳಿದ್ದಾವು, ಆ ಹಳ್ಳಿಗಳಲ್ಲಿ ಬೆಳಗಿನ ಜಾವ ಲಾಟೀನು ಹಿಡಿದು ಕೊಟ್ಟಿಗೆಗೆ ಹೋಗುವವರೂ ಇದ್ದಾರು. ಪಾರ್ಕಿನ ಬೆಂಚಿನ ಮೇಲೆ ಎತ್ತಿದ ಕೋಲು ಎಲ್ಲಿಯವರೆಗೆ ಹೋಯಿತೋ!

ಪೂಜೆಯ ಮನೆಯಿಂದ ಹೊರಡುವಾಗ ಆ ಹುಡುಗಿ ಬಾಗಿಲವರೆಗೆ ಬಂದಳು. "ಅಮ್ಮಾ, ಆ ಆನೆ ಹುಲ್ಲು ತಿಂತಿತ್ತು ಅಂದ್ಯಲ್ಲ, ಹೇಗೆ ತಿಂತಿತ್ತು?" ಎಂದೆ. ಅವಳಿಗೆ ಆಶ್ಚರ್ಯ. "ಕಿತ್ತು ಕಿತ್ತು ಮುಂಗಾಲಿಗೆ ಬಡೀತಿತ್ತು ಮಾಮ, ಬೇರಿನ ಮಣ್ಣು ಉದುರೋ ಹಾಗೆ. ಪಟ್ ಪಟ್ ಅಂತ ಶಬ್ದ ಕೇಳಿಸ್ತಿತ್ತು. ಆಮೇಲೆ ಬಾಯಿಗೆ. ಹೊಟ್ಟೆ ಕೆಳಗೆ ಮರಿ ಇತ್ತು, ಅದಕ್ಕಿನ್ನೂ ಬಡಿಯೋಕೆ ಬರ್ತಿರಲಿಲ್ಲ, ಮಣ್ಣು ಸಮೇತ ಬಾಯಿಗೆ ಹಾಕ್ಕೊಂಡು ಉಗೀತಿತ್ತು. ನಮ್ಮ ಚಿಕ್ಕವನು ನಕ್ಕುಬಿಟ್ಟ." ಅಷ್ಟರಲ್ಲಿ ಅವಳ ಗಂಡ ಕಾರಿನ ಹಾರನ್ನು ಒತ್ತಿದ, ನನ್ನನ್ನು ಮನೆಗೆ ಬಿಡಲು ಅವನೇ ಬರುವವನಿದ್ದ. ದಾರಿಯಲ್ಲಿ ಅವನು ಬಾನೆಟ್ಟಿನ ಮೇಲೆ ಬಿದ್ದಿದ್ದ ಸಣ್ಣ ತಗ್ಗೊಂದನ್ನು ನನಗೆ ತೋರಿಸಿದ.