ಬಾಡಿಗೆಗೆಂದು ಕೊಂಡ ಮನೆಗಳ ಜೀರ್ಣೋದ್ಧಾರ

ಬೆಂಗಳೂರಿನ ಉತ್ತರದ ಅಂಚು ದೇವನಹಳ್ಳಿಯನ್ನು ದಾಟಿ ನಂದಿಯ ತಪ್ಪಲಿನತ್ತ ಹಬ್ಬುತ್ತಿರುವ ಈ ದಿನಗಳಲ್ಲಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಪೇಟೆಗಳಲ್ಲಿ ಹಳೆಯ ಮನೆಯೊಂದನ್ನು ಕ್ರಯಕ್ಕೆ ಪಡೆದು, ದುರಸ್ತಿ ಮಾಡಿಸಿ, ಬಾಡಿಗೆಗೋ ಭೋಗ್ಯಕ್ಕೋ ಕೊಡುವ ಪದ್ಧತಿ ಕಾಣಬರುತ್ತದೆ. ಪದ್ಧತಿಯಲ್ಲಿ ಸ್ವತಃ ದೋಷವಿಲ್ಲ; ಪಾಳುಬೀಳಬಹುದಾಗಿದ್ದ ಮನೆಯಲ್ಲಿ ಮತ್ತೆ ಒಲೆ ಹೊತ್ತುವುದು ಊರಿಗೂ ಶ್ರೇಯಸ್ಕರವೇ. ಆದರೆ ಋಣಭಾರ ಪತ್ರ, ಖಾತೆ, ಮೂಲಪತ್ರಗಳ ಶೋಧನೆಯಲ್ಲಿ ಅಷ್ಟು ತೀಕ್ಷ್ಣವಾಗಿರುವ ಕ್ರಯದಾರನ ವಿವೇಕವು ಗೋಡೆಯೊಳಗೆ ಹುದುಗಿದ ಪೈಪು ತಂತಿಗಳ ವಿಷಯಕ್ಕೆ ಬಂದೊಡನೆ ಮಂದವಾಗಿಬಿಡುವುದೇಕೆಂಬುದು ನನ್ನ ಆಕ್ಷೇಪ. ಪತ್ರದ ದೋಷದ ಫಲವನ್ನು ಕೊಂಡವನೇ ಉಣ್ಣುತ್ತಾನೆ. ತಂತಿಯ ದೋಷದ ಫಲವನ್ನಾದರೋ ಅಲ್ಲಿ ವಾಸಕ್ಕೆ ಬಂದ ಪರರ ಮಕ್ಕಳು ಉಣ್ಣಬೇಕಾಗುತ್ತದೆ.

ಮೊದಲು ನೀರು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿಗೂ ಮಿಕ್ಕಿ ಇಳಿದಿವೆ. ಮೇಲೆ ಬರುವುದು ಗಡಸು ನೀರು. ಇಂಥ ನೀರನ್ನು ಬಹುಕಾಲ ಹೊತ್ತ ಅರ್ಧ ಅಂಗುಲದ ಜಿ.ಐ. ಪೈಪನ್ನು ಕೊಯ್ದು ನೋಡಿದರೆ, ಒಳಗೋಡೆಗೆ ಕಂದು ತುಕ್ಕು, ಅದರ ಮೇಲೆ ಬಿಳಿಯ ಸುಣ್ಣದ ಪದರವೇರಿ, ಪೆನ್ಸಿಲು ತೂರುವುದೂ ಕಷ್ಟವೆಂಬಷ್ಟು ಕಿರಿದಾದ ರಂಧ್ರವು ಉಳಿದಿರುವುದುಂಟು. ಒಂದೇ ನಲ್ಲಿಯನ್ನು ತಿರುಗಿಸಿ, ನೀರು ಬಂತೆಂದು ತೃಪ್ತನಾಗುವವನಿಗೆ ಇದು ಗೋಚರಿಸದು. ಬಚ್ಚಲು, ಅಡಿಗೆಮನೆ, ಶೌಚಾಲಯಗಳ ನಲ್ಲಿಗಳನ್ನೆಲ್ಲ ಏಕಕಾಲದಲ್ಲಿ ಬಿಟ್ಟು ನೋಡಿದವನಿಗೆ ಮಾತ್ರ ಮನೆಯ ನಿಜಸ್ಥಿತಿ ತಿಳಿದೀತು. ಕಾಯಿಸಿದಾಗ ಈ ಸುಣ್ಣವು ಇನ್ನಷ್ಟು ಬೇಗ ಕಟ್ಟಿಕೊಳ್ಳುವುದರಿಂದ, ಗೀಸರಿನ ಕಾಯಿಲ್ ಅಕಾಲದಲ್ಲಿ ಸೀಳಿ ಹೋಗುತ್ತದೆ.

ಇದಕ್ಕಿಂತ ಗಹನವಾದ ಅಪಾಯವಿರುವುದು ನೀರಿನ ಕೆಲಸವೂ ಕರೆಂಟಿನ ಕೆಲಸವೂ ಸಂಧಿಸುವ ಎಡೆಯಲ್ಲಿ; ಇಬ್ಬರು ಕೆಲಸಗಾರರೂ ಅದು ತನ್ನದಲ್ಲವೆಂದು ಭಾವಿಸುವ ಎಡೆಯೂ ಅದೇ. ಹಳೆಯ ಮನೆಗಳಲ್ಲಿ ಅರ್ಥಿಂಗ್ ತಂತಿಯನ್ನು ನೆಲದೊಳಗಿನ ಕಬ್ಬಿಣದ ನೀರಿನ ಪೈಪಿಗೇ ಬಿಗಿದಿರುವುದುಂಟು. ಪ್ಲಂಬರನು ಆ ಪೈಪನ್ನು ಕಿತ್ತು ಸಿ.ಪಿ.ವಿ.ಸಿ. ಪ್ಲಾಸ್ಟಿಕ್ ಪೈಪನ್ನು ಕೂಡಿಸಿದ ಕ್ಷಣದಲ್ಲೇ ಮನೆಯ ಅರ್ಥಿಂಗ್ ಇಲ್ಲವಾಗುತ್ತದೆ. ದೀಪ ಎಂದಿನಂತೆ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಯಾರಿಗೂ ಸಂಶಯ ಬಾರದು. ಕಾಯಿಲ್ ಸೀಳಿ ಗೀಸರಿನ ಮೈಗೆ ಕರೆಂಟು ಹರಿದ ದಿನ, ಒದ್ದೆಗಾಲಿನಲ್ಲಿ ನಿಂತು ಅದನ್ನು ಮುಟ್ಟಿದವರಿಗೆ ಅದು ತಿಳಿಯುತ್ತದೆ. ಅರ್ಥಿಂಗಿಗೆಂದೇ ಪ್ರತ್ಯೇಕ ಗುಂಡಿ ತೋಡಿ ಇದ್ದಿಲು ಉಪ್ಪು ತುಂಬಿದ ಮನೆಗಳಲ್ಲಿಯೂ ನಿಶ್ಚಿಂತೆಯಿಂದಿರಲಾಗದು. ಈ ಸೀಮೆಯ ಮಣ್ಣು ಬೇಸಗೆಯಲ್ಲಿ ಆಳದವರೆಗೆ ಒಣಗಿ, ವಿದ್ಯುತ್ತಿಗೆ ದಾರಿ ಬಿಡಲು ಒಲ್ಲೆನೆನ್ನುತ್ತದೆ. ಬಲ್ಲ ಎಲೆಕ್ಟ್ರಿಷಿಯನ್ ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟಿನ ಬಲ್ಬನ್ನು ಹಿಡಿದಾಗ ಅದು ಮಂಕಾಗಿ ಉರಿದರೆ, ಆ ಗುಂಡಿಗೆ ನೀರು ಕಾಣಿಸಬೇಕು, ಇಲ್ಲವೇ ಹೊಸ ಗುಂಡಿಯನ್ನೇ ತೋಡಬೇಕು.

ಎಂ.ಸಿ.ಬಿ. ಹಾಕಿಸಿದ್ದೇವಲ್ಲ ಎಂಬ ಸಮಾಧಾನವೂ ಅರ್ಧಸತ್ಯವೇ. ಅದು ರಕ್ಷಿಸುವುದು ತಂತಿಯನ್ನು. ಮನುಷ್ಯನನ್ನು ರಕ್ಷಿಸುವುದು 30 ಮಿಲಿಆಂಪಿಯರಿನಷ್ಟು ಸೋರಿಕೆಗೇ ಕರೆಂಟನ್ನು ಕಡಿಯುವ ಆರ್.ಸಿ.ಸಿ.ಬಿ. ಬಾಗಿಲಿಗೆ ಕೆತ್ತನೆಯ ತೇಗವನ್ನು ತರಿಸುವವರು ಈ ಪುಟ್ಟ ಸಾಧನದ ವೆಚ್ಚಕ್ಕೆ ಹಿಂಜರಿಯುವುದನ್ನು ಕ್ಷಮಿಸುವುದು ನನಗೆ ಸಾಧ್ಯವಾಗದು. ದೀಪಕ್ಕೆಂದು ಎಳೆದ ಹಳೆಯ ಅಲ್ಯೂಮಿನಿಯಂ ತಂತಿಗೆ 2000 ವ್ಯಾಟಿನ ಗೀಸರನ್ನು, ಅಂದರೆ ಸುಮಾರು 9 ಆಂಪಿಯರಿನ ಹೊರೆಯನ್ನು, ಏರಿಸುವುದೂ ಇದೇ ಜಾತಿಯ ಅವಿವೇಕ.

ಶಿಡ್ಲಘಟ್ಟದಲ್ಲಿ ಈ ವಿಷಯಕ್ಕೆ ವಿಶೇಷ ಗಾಂಭೀರ್ಯವಿದೆ. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವ ಕಸುಬು ನಡೆದ ಮನೆಗಳಲ್ಲಿ, ಹಬೆಯೂ ಒದ್ದೆ ನೆಲವೂ ಮೋಟಾರೂ ಒಂದೇ ಸೂರಿನಡಿ ಇದ್ದುದರಿಂದ, ಸ್ವಿಚ್ ಬೋರ್ಡಿನೊಳಗಿನ ಹಿತ್ತಾಳೆಯ ತಿರುಪುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಅಂಥ ಮನೆಗೆ ಬಣ್ಣ ಬಳಿದು ಸಂಸಾರವನ್ನು ತಂದಿರಿಸುವುದನ್ನು ಜೀರ್ಣೋದ್ಧಾರವೆಂದು ಕರೆಯಲಾಗದು; ಅಲ್ಲಿ ತಂತಿಯನ್ನು ಮೂಲದಿಂದಲೇ ಬದಲಿಸಬೇಕು.

ಚಿಕ್ಕಬಳ್ಳಾಪುರಕ್ಕೆ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು 1890ರ ದಶಕದಲ್ಲಿ ಸಿಂಧ್ ಪ್ರಾಂತದ ಸಕ್ಕೂರಿಗೆ ಕುಡಿಯುವ ನೀರನ್ನು ಒದಗಿಸಿದರು. 1908ರ ಮೂಸಿ ಪ್ರವಾಹದ ತರುವಾಯ ಹೈದರಾಬಾದಿಗೆ ಒಳಚರಂಡಿಯ ಯೋಜನೆಯನ್ನೂ ರೂಪಿಸಿದರು. ಬರುವ ನೀರನ್ನೂ ಹೋಗುವ ನೀರನ್ನೂ ಸಮಾನ ಶ್ರದ್ಧೆಯಿಂದ ಚಿಂತಿಸಿದ ಆ ಮಹನೀಯರ ಸೀಮೆಯಲ್ಲಿಯೇ, ಕುಡಿಯುವ ನೀರಿನ ಸಂಪಿನ ಮಗ್ಗುಲಲ್ಲಿ ಶೌಚದ ಗುಂಡಿಯನ್ನು ಹಾಗೆಯೇ ಉಳಿಸಿಕೊಂಡು ಮೇಲೆ ಟೈಲ್ಸ್ ಹಾಸಿದ ಮನೆಯನ್ನು ಕಂಡರೆ ಖೇದವಾಗುತ್ತದೆ.

ಸರಿಯಾದ ಕ್ರಮವನ್ನು ಅನುಸರಿಸುವವರೂ ಇದ್ದಾರೆ. ಅವರು ಟೈಲ್ಸ್ ಕೂರಿಸುವ ಮುನ್ನ ನಲ್ಲಿಯ ಬಾಯಿಗಳನ್ನೆಲ್ಲ ಮುಚ್ಚಿ, ಕೈಪಂಪಿನಿಂದ ಪೈಪಿನೊಳಗೆ ಒತ್ತಡವೇರಿಸಿ, ಒಂದು ಹಗಲು ಒಂದು ರಾತ್ರಿ ಒತ್ತಡಮಾಪಕದ ಮುಳ್ಳು ಇಳಿಯದಿದ್ದುದನ್ನು ನೋಡಿ, ಗೋಡೆ ಮುಚ್ಚುವ ಮೊದಲು ಪೈಪು ತಂತಿಗಳ ಛಾಯಾಚಿತ್ರ ತೆಗೆದಿಡುತ್ತಾರೆ. ಆದರೆ ಈ ಎಚ್ಚರ ಕೊಂಡ ಮೇಲಲ್ಲ, ಕರಾರು ಪತ್ರಕ್ಕೆ ಮುಂಚೆಯೇ ಆರಂಭವಾಗಬೇಕು: ವಿದ್ಯುತ್ ಸಂಪರ್ಕದ ಆರ್.ಆರ್. ನಂಬರು ಯಾರ ಹೆಸರಿನಲ್ಲಿದೆ, ಮಂಜೂರಾದ ಲೋಡ್ ಎಷ್ಟು ಎಂಬುದನ್ನು ಬಿಲ್ಲಿನಲ್ಲೇ ನೋಡಿಕೊಂಡು, ಹೊಸ ವೈರಿಂಗು ಮತ್ತು ಪೈಪಿನ ಅಂದಾಜನ್ನು ಬರೆಸಿ, ಅಷ್ಟನ್ನು ಕ್ರಯದಲ್ಲಿ ಕಳೆದು ಬೆಲೆ ಹೇಳಬೇಕು. ಸ್ವಿಚ್ ಬೋರ್ಡನ್ನು ಬಿಚ್ಚಿ ನೋಡಲು ಮಾಲೀಕರು ಒಪ್ಪದಿದ್ದರೆ ಅಲ್ಲಿ ಮುಂಗಡ ಕೊಡದೆ ಎದ್ದು ಬರುವುದೇ ಲೇಸು.